ಸೈನೈಡ್ ದಿಬ್ಬದ ಬೆಲೆಯೂ ಅರುಣ್ ಶೌರಿ ಪ್ರಕರಣವೂ

ಕೆಜಿಎಫ್‌ನ ಹದಿಮೂರು ಸೈನೈಡ್ ದಿಬ್ಬಗಳಿಂದ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳಿಂದ, ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ದಿಬ್ಬಗಳು ಹರಡಿಕೊಂಡಿರುವುದು ಸಾವಿರ ಎಕರೆಯಷ್ಟು ಜಾಗದಲ್ಲಿ. ಭಾರತ್ ಗೋಲ್ಡ್ ಮೈನ್ಸ್, ಅಂದರೆ ಬಿಜಿಎಂಎಲ್, ತನಗೆ ಕೊಡಬೇಕಾದ ಸುಮಾರು 75 ಕೋಟಿ ರೂಪಾಯಿ ಬಾಕಿಯ ಮಾತನ್ನೂ ರಾಜ್ಯ ಸರ್ಕಾರ ಆಗಲೇ ಎತ್ತಿತು. ಅಂದಿನಿಂದ ಕೋಲಾರ ಜಿಲ್ಲೆಯಲ್ಲಿ ಈ ಸುದ್ದಿ ಬಂದಾಗಲೆಲ್ಲ ಗೊಂದಲವೂ ಜೊತೆಗೇ ಬರುತ್ತಿದೆ. ಇದು ಮಾರಾಟವೇ, ಹರಾಜೇ, ಗುತ್ತಿಗೆಯೇ? ನೆಲ ಯಾರದಾಗಿ ಉಳಿಯುತ್ತದೆ? ಅದಕ್ಕಿಂತ ಹೆಚ್ಚಾಗಿ ಕೇಳಿಬರುವ ಮಾತು ಒಂದಿದೆ: ಕೊನೆಗೆ ಎಲ್ಲವನ್ನೂ ಯಾರೋ ಖಾಸಗಿಯವರಿಗೆ ಪುಡಿಗಾಸಿಗೆ ಕೊಟ್ಟುಬಿಡುತ್ತಾರೆ, ಹತ್ತು ವರ್ಷ ಬಿಟ್ಟು ಅದೊಂದು ಹಗರಣವಾಗುತ್ತದೆ, ಯಾವನೋ ಮಂತ್ರಿ ಕೋರ್ಟಿಗೆ ಅಲೆಯುತ್ತಾನೆ.

ಈ ಭಯ ಆಧಾರವಿಲ್ಲದ್ದಲ್ಲ. ಸಾರ್ವಜನಿಕ ಆಸ್ತಿ ಮಾರಿದ ಮಂತ್ರಿಗಳಿಗೆ ಏನಾಯಿತು ಎಂಬುದಕ್ಕೆ ನಮ್ಮಲ್ಲಿ ಒಂದು ಚೆನ್ನಾದ ನಿದರ್ಶನವಿದೆ: ವಾಜಪೇಯಿ ಸರ್ಕಾರದಲ್ಲಿ ಸರ್ಕಾರಿ ಉದ್ಯಮ ಮಾರುವ ಖಾತೆ ನೋಡಿಕೊಂಡ ಅರುಣ್ ಶೌರಿ. ಅವರಿಗೂ ಕೆಜಿಎಫ್‌ಗೂ ನೇರ ಸಂಬಂಧವಿಲ್ಲ. ಆದರೆ ಕೆಜಿಎಫ್‌ಗೆ ಬೀಗ ಹಾಕಿದ ಸರ್ಕಾರದಲ್ಲೇ ಅವರು ಮಂತ್ರಿಯಾಗಿದ್ದರು. ಅವರ ವೃತ್ತಿಜೀವನವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ದಿಬ್ಬದ ಸುದ್ದಿ ಎಷ್ಟೋ ತಿಳಿಯಾಗುತ್ತದೆ.

ಒಂದೇ ವಾರದ ಎರಡು ತೀರ್ಮಾನ

2001ರ ಫೆಬ್ರುವರಿ 28ರಂದು ಕೆಜಿಎಫ್ ಗಣಿಗಳು ಮುಚ್ಚಿದವು. ಮಾರನೆಯ ದಿನ, ಮಾರ್ಚ್ 1ರಂದು, ಲೋಕಸಭೆಯಲ್ಲಿ ಬೇರೊಂದು ಕಂಪನಿಯ ವಿಚಾರಕ್ಕೆ ದೊಡ್ಡ ಗದ್ದಲ. ಅದು ಛತ್ತೀಸಗಡದ ಕೊರ್ಬಾದಲ್ಲಿರುವ ಭಾರತ್ ಅಲ್ಯೂಮಿನಿಯಂ, ಬಾಲ್ಕೊ. ಅದರ ಶೇಕಡ 51ರಷ್ಟು ಷೇರನ್ನು ಸ್ಟೆರ್ಲೈಟ್ ಕಂಪನಿಗೆ 551.5 ಕೋಟಿ ರೂಪಾಯಿಗೆ ಮಾರುವುದನ್ನು ವಿರೋಧ ಪಕ್ಷಗಳು ಖಂಡಿಸಿದವು. ಅವುಗಳ ಖಂಡನಾ ನಿರ್ಣಯ ಬಿದ್ದುಹೋಯಿತು, ಮರುದಿನವೇ ಒಪ್ಪಂದಕ್ಕೆ ಸಹಿಯಾಯಿತು. ಬಾಲ್ಕೊ ಕಾರ್ಮಿಕರು ಎರಡು ತಿಂಗಳಿಗೂ ಹೆಚ್ಚು ಕಾಲ ಮುಷ್ಕರ ಹೂಡಿದರು. ಆಗಿನ ಛತ್ತೀಸಗಡ ಮುಖ್ಯಮಂತ್ರಿ ಅಜಿತ್ ಜೋಗಿ ಕಾರ್ಮಿಕರ ಬೆನ್ನಿಗೆ ನಿಂತರು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು.

ಕಾಕತಾಳೀಯವೋ ಏನೋ, ಬಾಲ್ಕೊ ಮತ್ತು ಬಿಜಿಎಂಎಲ್ ಎರಡೂ ಕೇಂದ್ರದ ಒಂದೇ ಗಣಿ ಸಚಿವಾಲಯದ ಕೆಳಗಿದ್ದವು. ಒಂದನ್ನು ಮಾರಿದರು, ಇನ್ನೊಂದನ್ನು ಮುಚ್ಚಿದರು. ಮಾರಿದ್ದರ ಬಗ್ಗೆ ದೇಶವೇ ಜಗಳವಾಡಿತು. ಮುಚ್ಚಿದ್ದರ ಬಗ್ಗೆ ಜಗಳವಾಡಿದ್ದು ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರುಗಾಂ, ಕೋರಮಂಡಲ್‌ನ ಜನ ಮಾತ್ರ.

ಮುಚ್ಚಲು ಕಾರಣಗಳಿದ್ದವು, ಅದನ್ನು ಮರೆಮಾಚಬೇಕಿಲ್ಲ. 1880ರ ಹೊತ್ತಿಗೆ ಜಾನ್ ಟೇಲರ್ ಕಂಪನಿ ಅಗೆಯತೊಡಗಿದ ಗಣಿ ಅದು. 1956ರಲ್ಲಿ ಮೈಸೂರು ಸರ್ಕಾರ ರಾಷ್ಟ್ರೀಕರಣ ಮಾಡಿತು, 1962ರಲ್ಲಿ ಕೇಂದ್ರ ವಹಿಸಿಕೊಂಡಿತು, 1972ರಲ್ಲಿ ಬಿಜಿಎಂಎಲ್ ಆಯಿತು. ಚಾಂಪಿಯನ್ ರೀಫ್ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆ ಸಿಡಿಯುತ್ತದೆ, ಶಾಖ ತಡೆಯಲಾಗದು, ಅದಿರನ್ನು ಮೇಲೆತ್ತುವ ಖರ್ಚು ಚಿನ್ನದ ಬೆಲೆಯನ್ನು ಮೀರಿ ಹೋಗುತ್ತದೆ. 1992ರಲ್ಲಿ ಕಂಪನಿ ರೋಗಗ್ರಸ್ತ ಉದ್ಯಮಗಳ ಮಂಡಳಿಯ ಮುಂದೆ ಹೋಯಿತು, 2000ದಲ್ಲಿ ಮಂಡಳಿ ಮುಚ್ಚುವಂತೆ ಹೇಳಿತು. ಆಗ ಹತ್ತು ಗ್ರಾಂ ಚಿನ್ನಕ್ಕೆ ಇದ್ದದ್ದು ನಾಲ್ಕೂವರೆ ಸಾವಿರ ರೂಪಾಯಿಯ ಆಸುಪಾಸು.

ಈ ಎರಡು ತೀರ್ಮಾನಗಳ ಹಣೆಬರಹ ಮಾತ್ರ ಬೇರೆಬೇರೆಯಾಯಿತು. ಆ ಕಾಲದ ಮಾರಾಟಗಳ ಮೇಲಿನ ಕೇಸುಗಳು ಇಪ್ಪತ್ತು ವರ್ಷ ಕಳೆದರೂ ಮುಗಿಯಲಿಲ್ಲ. ಮುಚ್ಚಿದವರನ್ನು ಯಾರೂ ಏನೂ ಕೇಳಲಿಲ್ಲ.

ಹಗರಣ ಬಯಲು ಮಾಡಿದವರೇ ಆರೋಪಿ

ಶೌರಿ ಹುಟ್ಟಿದ್ದು 1941ರಲ್ಲಿ ಜಲಂಧರ್‌ನಲ್ಲಿ. ಅರ್ಥಶಾಸ್ತ್ರ ಓದಿ ವಿಶ್ವಬ್ಯಾಂಕ್‌ನಲ್ಲಿ ಕೆಲಸ ಮಾಡಿ, ತುರ್ತು ಪರಿಸ್ಥಿತಿಯ ನಂತರ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಸೇರಿದರು. 1981ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ಅವರ ಸಿಮೆಂಟ್ ಹಗರಣವನ್ನು ಬಯಲಿಗೆಳೆದರು. ಆಗ ಸಿಮೆಂಟ್‌ಗೆ ಸರ್ಕಾರಿ ಹಂಚಿಕೆ ಇತ್ತು. ಹಂಚಿಕೆ ಬೇಕಾದ ಬಿಲ್ಡರ್‌ಗಳು ಮುಖ್ಯಮಂತ್ರಿ ಕಟ್ಟಿದ ಟ್ರಸ್ಟ್‌ಗೆ ದೇಣಿಗೆ ಕೊಡಬೇಕಿತ್ತು ಎಂಬುದು ಆರೋಪ. 1982ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ತೀರ್ಪಿನ ಬೆನ್ನಿಗೇ ಅಂತುಳೆ ರಾಜೀನಾಮೆ ಕೊಟ್ಟರು. ಅದೇ ವರ್ಷ ಶೌರಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

1998ರಲ್ಲಿ ಅವರು ಬಿಜೆಪಿಯಿಂದ ರಾಜ್ಯಸಭೆಗೆ ಹೋದರು. ಸಾರ್ವಜನಿಕ ಉದ್ಯಮಗಳನ್ನು ಮಾರಲೆಂದೇ ವಾಜಪೇಯಿ ಸರ್ಕಾರ 1999ರ ಡಿಸೆಂಬರ್‌ನಲ್ಲಿ ಬಂಡವಾಳ ಹಿಂತೆಗೆತ ಇಲಾಖೆಯನ್ನು ತೆರೆದಿತ್ತು, ಮರುವರ್ಷ ಅದು ಶೌರಿ ಅವರ ಕೈಗೆ ಬಂತು. ಬಾಲ್ಕೊ ಆದ ಮೇಲೆ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಟಾಟಾಗೆ, ಪೆಟ್ರೋಕೆಮಿಕಲ್ ಕಂಪನಿ ಐಪಿಸಿಎಲ್ ರಿಲಯನ್ಸ್‌ಗೆ, ಹಿಂದೂಸ್ತಾನ್ ಝಿಂಕ್ ಮತ್ತೆ ಸ್ಟೆರ್ಲೈಟ್‌ಗೆ ಹೋದವು. ಸರ್ಕಾರಿ ಹೋಟೆಲುಗಳೂ ಸಾಲು ಹಿಡಿದವು. ಹಾಸನದ ಅಶೋಕ ಹೋಟೆಲ್ ಮಾರಾಟವಾಯಿತು, ಬೆಂಗಳೂರಿನ ಅಶೋಕ ಹೋಟೆಲ್ ದೀರ್ಘಾವಧಿ ಗುತ್ತಿಗೆಗೆ ಹೋಯಿತು.

ತೈಲ ಕಂಪನಿಗಳಾದ ಎಚ್‌ಪಿಸಿಎಲ್ ಮತ್ತು ಬಿಪಿಸಿಎಲ್ ಹತ್ತಿರ ಬಂದಾಗ ಮಾತ್ರ ಗಾಡಿ ನಿಂತಿತು. ಸಂಸತ್ತಿನ ಕಾಯ್ದೆಯಿಂದ ರಾಷ್ಟ್ರೀಕರಣವಾದ ಕಂಪನಿಗಳನ್ನು ಸಂಸತ್ತನ್ನು ಕೇಳದೆ ಮಾರುವಂತಿಲ್ಲ ಎಂದು 2003ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಾಲ್ಕೊ ಪ್ರಕರಣದಲ್ಲಿ, 2001ರ ಡಿಸೆಂಬರ್‌ನಲ್ಲಿ, ಇದೇ ಕೋರ್ಟ್ ಹೇಳಿದ್ದು ಬೇರೆ ಸ್ವರದಲ್ಲಿ: ಮಾರುವುದು ಬಿಡುವುದು ಸರ್ಕಾರದ ಆರ್ಥಿಕ ನೀತಿ, ಕಾನೂನು ಮೀರದಿದ್ದರೆ ನ್ಯಾಯಾಲಯ ತಲೆಹಾಕುವುದಿಲ್ಲ. ಎರಡನ್ನೂ ಕೂಡಿಸಿ ಓದಿದರೆ ಕೋರ್ಟ್ ಯಾವ ಪ್ರಶ್ನೆಗೆ ಉತ್ತರ ಕೊಟ್ಟಿದೆ ಎಂದು ತಿಳಿಯುತ್ತದೆ. ಮಾರಬಹುದೇ, ಯಾರನ್ನು ಕೇಳಿ ಮಾರಬೇಕು ಎಂಬುದಕ್ಕೆ ಉತ್ತರವಿದೆ. ಎಷ್ಟಕ್ಕೆ ಮಾರಬೇಕಿತ್ತು ಎಂಬುದಕ್ಕೆ ಇಲ್ಲ.

ಆ ಉಳಿದುಹೋದ ಪ್ರಶ್ನೆಯೇ ಮುಂದೆ ಉದಯಪುರದಲ್ಲಿ ಶೌರಿ ಅವರಿಗೆ ಎದುರಾಯಿತು.

ಕೆರೆಯಂಚಿನ ಹೋಟೆಲು

ಉದಯಪುರದ ಫತೇ ಸಾಗರ್ ಕೆರೆಯ ದಡದಲ್ಲಿ ಲಕ್ಷ್ಮೀವಿಲಾಸ ಪ್ಯಾಲೇಸ್ ಎಂಬ ಹೋಟೆಲಿದೆ. ಕೇಂದ್ರದ ಪ್ರವಾಸೋದ್ಯಮ ನಿಗಮ, ಐಟಿಡಿಸಿ, ಮೊದಲು ಅದರ ಒಡೆಯ. 2002ರಲ್ಲಿ ಅದನ್ನು ಭಾರತ್ ಹೋಟೆಲ್ಸ್ ಕಂಪನಿಗೆ 7.52 ಕೋಟಿ ರೂಪಾಯಿಗೆ ಮಾರಲಾಯಿತು. 2014ರಲ್ಲಿ ಸಿಬಿಐ ಎಫ್‌ಐಆರ್ ಹಾಕಿತು. 2019ರಲ್ಲಿ, ವಿಚಾರಣೆ ನಡೆಸುವಷ್ಟು ಸಾಕ್ಷ್ಯವಿಲ್ಲ ಎಂದು ಮುಕ್ತಾಯ ವರದಿ ಕೊಟ್ಟಿತು. ನಮ್ಮ ಪೊಲೀಸ್ ಠಾಣೆಗಳ ಭಾಷೆಯಲ್ಲಿ ಹೇಳುವುದಾದರೆ ಬಿ ರಿಪೋರ್ಟ್. ಜೋಧಪುರದ ವಿಶೇಷ ನ್ಯಾಯಾಲಯ ಅದನ್ನು ಒಪ್ಪಲಿಲ್ಲ, ಮತ್ತೆ ತನಿಖೆ ಮಾಡಿ ಎಂದಿತು. ಸಿಬಿಐ ಮತ್ತೆ ಅದೇ ಮಾತು ಹೇಳಿತು. 2020ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ತಾನೇ ಮುಂದಾಗಿ ಶೌರಿ, ಆಗಿನ ಬಂಡವಾಳ ಹಿಂತೆಗೆತ ಕಾರ್ಯದರ್ಶಿ ಪ್ರದೀಪ್ ಬೈಜಲ್ ಮತ್ತಿತರರ ಮೇಲೆ ಪ್ರಕರಣ ದಾಖಲಿಸಲು ಆದೇಶಿಸಿತು. ಹೋಟೆಲಿನ ನಿಜವಾದ ಮೌಲ್ಯ 252 ಕೋಟಿ, ಬೊಕ್ಕಸಕ್ಕೆ 244 ಕೋಟಿ ನಷ್ಟ ಎಂಬುದು ಲೆಕ್ಕ. ಹೋಟೆಲನ್ನು ವಶಕ್ಕೆ ತೆಗೆದುಕೊಳ್ಳಲೂ ಆದೇಶವಾಯಿತು. ಕೆಲವೇ ದಿನಗಳಲ್ಲಿ ರಾಜಸ್ಥಾನ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ಓದುಗರ ತಲೆ ತಿರುಗುವುದು ಇಲ್ಲೇ. ತನಿಖಾ ಸಂಸ್ಥೆ ಏನೂ ಇಲ್ಲ ಎನ್ನುತ್ತದೆ, ಕೆಳ ನ್ಯಾಯಾಲಯ ಇದೆ ಎನ್ನುತ್ತದೆ, ಮೇಲಿನ ನ್ಯಾಯಾಲಯ ತಡೆಯುತ್ತದೆ. ಶೌರಿ ತಪ್ಪಿತಸ್ಥರೇ ಅಲ್ಲವೇ? ಸರಿಯಾದ ಉತ್ತರ, ಅವರ ಮೇಲೆ ಯಾವ ಅಪರಾಧವೂ ಸಾಬೀತಾಗಿಲ್ಲ ಎಂಬುದಷ್ಟೆ. ಅವರು ಲಂಚ ತೆಗೆದುಕೊಂಡರು ಎಂಬುದು ಆ ಲೆಕ್ಕದ ತಿರುಳೂ ಅಲ್ಲ. ಜಗಳವಿರುವುದು 7.52 ಮತ್ತು 252 ಎಂಬ ಎರಡು ಅಂಕಿಗಳ ನಡುವೆ.

ಶ್ರೀನಿವಾಸಪುರದ ಮಾವಿನ ತೋಟದ ಲೆಕ್ಕ

ಒಂದೇ ಆಸ್ತಿಗೆ ಮೂವತ್ತು ಪಟ್ಟು ವ್ಯತ್ಯಾಸದ ಎರಡು ಬೆಲೆ ಹೇಗೆ ಬರುತ್ತದೆ? ಇದಕ್ಕೆ ಉದಯಪುರಕ್ಕೆ ಹೋಗಬೇಕಿಲ್ಲ.

ಶ್ರೀನಿವಾಸಪುರದ ಕಡೆ ನಾಲ್ಕು ಎಕರೆ ಮಾವಿನ ತೋಟವಿದೆ ಎಂದುಕೊಳ್ಳಿ. ತೋಟದವರು ಹೂ ಬಿಟ್ಟಾಗಲೇ ಫಸಲನ್ನು ವ್ಯಾಪಾರಿಗೆ ಮಾತಾಡಿ ಕೊಟ್ಟುಬಿಡುತ್ತಾರೆ. ಒಳ್ಳೆಯ ವರ್ಷ, ಕೆಟ್ಟ ವರ್ಷ ಸೇರಿಸಿ ಖರ್ಚು ಕಳೆದು ಸರಾಸರಿ ಎರಡು ಲಕ್ಷ ರೂಪಾಯಿ ಕೈಗೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಬ್ಯಾಂಕಿನಲ್ಲಿ ಠೇವಣಿ ಇಟ್ಟು ವರ್ಷಕ್ಕೆ ಎರಡು ಲಕ್ಷ ಬಡ್ಡಿ ಪಡೆಯಲು ಇಪ್ಪತ್ತೈದರಿಂದ ಮೂವತ್ತು ಲಕ್ಷ ಬೇಕು. ಹಾಗಾಗಿ ಫಸಲಿನ ಲೆಕ್ಕದಲ್ಲಿ ತೋಟದ ಬೆಲೆ ಮೂವತ್ತು ಲಕ್ಷದ ಒಳಗೆ. ಅದೇ ತೋಟದ ಪಕ್ಕ ಹೆದ್ದಾರಿ ಬಂತು, ಬೆಂಗಳೂರಿನವರು ಬಂದು ಸೈಟಿನ ಲೆಕ್ಕದಲ್ಲಿ ಎಕರೆಗೆ ಒಂದು ಕೋಟಿ ಎಂದರು ಎಂದುಕೊಳ್ಳಿ. ಈಗ ಬೆಲೆ ನಾಲ್ಕು ಕೋಟಿ. ಮರ ಅವೇ, ಮಣ್ಣು ಅದೇ.

ಯಾವುದು ಸರಿ? ತೋಟವನ್ನು ತೋಟವಾಗಿಯೇ ಉಳಿಸಿಕೊಳ್ಳಬೇಕು, ಮರ ಕಡಿಯುವಂತಿಲ್ಲ, ಆಳುಕಾಳುಗಳನ್ನು ಬಿಡಿಸುವಂತಿಲ್ಲ ಎಂಬ ಕರಾರಿದ್ದರೆ ಮೂವತ್ತು ಲಕ್ಷವೇ ಸರಿ. ಕರಾರು ಐದು ವರ್ಷಕ್ಕೆ ಮುಗಿದು ಆಮೇಲೆ ಲೇಔಟ್ ಮಾಡಬಹುದು ಎಂದಾದರೆ ಮೂವತ್ತು ಲಕ್ಷಕ್ಕೆ ಕೊಟ್ಟವನು ಮೋಸ ಹೋದ, ಇಲ್ಲವೇ ಮೋಸ ಮಾಡಿದ. ಎರಡರಲ್ಲಿ ಯಾವುದು ಎಂಬುದು ಕರಾರು ಪತ್ರದಲ್ಲಿ ಗೊತ್ತಾಗುತ್ತದೆಯೇ ಹೊರತು ಬೆಲೆಯಲ್ಲಲ್ಲ.

ಸರ್ಕಾರಿ ಉದ್ಯಮ ಮಾರುವವರ ಮುಂದೆಯೂ ಈ ಎರಡು ದಾರಿಗಳಿವೆ. ಮುಂದಿನ ವರ್ಷಗಳ ಆದಾಯವನ್ನು ಇಂದಿನ ಬೆಲೆಗೆ ಇಳಿಸಿ ಲೆಕ್ಕ ಹಾಕುವುದು ಒಂದು, ನೆಲ, ಕಟ್ಟಡ, ಯಂತ್ರಗಳನ್ನು ಬಿಡಿಬಿಡಿಯಾಗಿ ಮಾರಿದರೆ ಏನು ಬರುತ್ತದೆ ಎಂದು ನೋಡುವುದು ಇನ್ನೊಂದು. ನಷ್ಟದ ಹೋಟೆಲಿಗೆ ಮೊದಲ ಲೆಕ್ಕದಲ್ಲಿ ಏನೂ ಬರುವುದಿಲ್ಲ. ಕೆರೆಯಂಚಿನ ನೆಲಕ್ಕೆ ಎರಡನೆಯ ಲೆಕ್ಕದಲ್ಲಿ ಬೆಟ್ಟದಷ್ಟು ಬರುತ್ತದೆ. ಶೌರಿ ಅವರ ಪರ ವಾದ ಮಾಡುವವರು ಹೇಳುವುದು ಹೀಗೆ: ಬೆಲೆ ಕಟ್ಟಿದ್ದು ಮೌಲ್ಯಮಾಪಕರು, ಪರಿಶೀಲಿಸಿದ್ದು ಸಲಹೆಗಾರರು ಮತ್ತು ಕಾರ್ಯದರ್ಶಿಗಳ ಗುಂಪು, ಒಪ್ಪಿದ್ದು ಸಂಪುಟ ಸಮಿತಿ. ಒಬ್ಬ ಮಂತ್ರಿ ಮನೆಯಲ್ಲಿ ಕೂತು ಬರೆದ ಅಂಕಿಯಲ್ಲ ಅದು. ವಿರೋಧಿಸುವವರು ಕೇಳುವುದೂ ಅಸಂಬದ್ಧವಲ್ಲ: ಇಷ್ಟೊಂದು ಜನ ನೋಡಿದ ಮೇಲೂ ನೆಲದ ಬೆಲೆ ಯಾರ ಕಣ್ಣಿಗೂ ಬೀಳದೆ ಹೋಯಿತೆಂದರೆ, ಆ ಇಡೀ ವ್ಯವಸ್ಥೆ ಯಾರ ಅನುಕೂಲಕ್ಕಿತ್ತು?

ಎರಡನೆಯ ಪ್ರಶ್ನೆಗೆ ತೂಕವಿದೆ ಎಂದೇ ನನ್ನ ಅಭಿಪ್ರಾಯ. ಹತ್ತು ಜನ ಸಹಿ ಹಾಕಿದ ಕಡತ ಸಾಚಾ ಎನ್ನಲು ನಮ್ಮ ತಾಲ್ಲೂಕು ಕಚೇರಿಗಳನ್ನು ಕಂಡ ಯಾರೂ ಒಪ್ಪಲಾರರು. ಆದರೆ ಹನ್ನೆರಡು ವರ್ಷದ ನಂತರ ನೆಲದ ದರ ಹಿಡಿದು ಹಿಂದಿನ ಬೆಲೆಯನ್ನು ಅಪರಾಧ ಎನ್ನುವುದೂ ನ್ಯಾಯವಲ್ಲ. ಸೂಟ್‌ಕೇಸ್ ಸಿಕ್ಕರೆ ಕ್ರಿಮಿನಲ್ ಕಾನೂನಿಗೆ ಏನು ಮಾಡಬೇಕೆಂದು ಗೊತ್ತು. ಬೆಲೆ ಕಟ್ಟುವುದು ಅದಕ್ಕೆ ಗೊತ್ತಿಲ್ಲ.

ಕಾನೂನೇ ಬದಲಾದ ಕಥೆ

ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ 2018ರವರೆಗೆ ಒಂದು ಕಲಮು ಇತ್ತು. ಅಧಿಕಾರದಲ್ಲಿರುವವನು ಸಾರ್ವಜನಿಕ ಹಿತಾಸಕ್ತಿಯಿಲ್ಲದೆ ಬೇರೊಬ್ಬರಿಗೆ ಆರ್ಥಿಕ ಲಾಭ ಮಾಡಿಕೊಟ್ಟರೆ, ತಾನು ಒಂದು ಪೈಸೆ ಮುಟ್ಟದಿದ್ದರೂ, ಅದು ಅಪರಾಧ. ಕಲ್ಲಿದ್ದಲು ಹಂಚಿಕೆ ಪ್ರಕರಣಗಳಲ್ಲಿ ಮಾಜಿ ಕಾರ್ಯದರ್ಶಿ ಎಚ್.ಸಿ. ಗುಪ್ತಾ ಅವರಿಗೆ ಶಿಕ್ಷೆಯಾದಾಗ ಈ ಕಲಮಿನ ಬಗ್ಗೆ ದೊಡ್ಡ ಚರ್ಚೆ ಎದ್ದಿತು. ಹಣ ತಿಂದವರಲ್ಲ ಎಂದು ಅವರ ಸಹೋದ್ಯೋಗಿಗಳೇ ಹೇಳಿದರು. ಅಧಿಕಾರಿಗಳು ಸಹಿ ಹಾಕಲು ಹೆದರುತ್ತಾರೆ ಎಂಬ ಮಾತು ದೆಹಲಿಯಲ್ಲಿ ಗಟ್ಟಿಯಾಯಿತು. 2018ರ ಜುಲೈನಲ್ಲಿ ಜಾರಿಗೆ ಬಂದ ತಿದ್ದುಪಡಿ ಆ ಕಲಮನ್ನು ತೆಗೆದುಹಾಕಿತು.

ಅದೇ ತಿದ್ದುಪಡಿ 17ಎ ಎಂಬ ಹೊಸ ಸೆಕ್ಷನ್ ತಂದಿತು. ಅಧಿಕಾರದಲ್ಲಿದ್ದಾಗ ಮಾಡಿದ ಶಿಫಾರಸು ಅಥವಾ ತೆಗೆದುಕೊಂಡ ತೀರ್ಮಾನದ ಬಗ್ಗೆ ಪೊಲೀಸರು ತನಿಖೆ ಆರಂಭಿಸಲು ಮೊದಲೇ ಅನುಮತಿ ಬೇಕು. ಕರ್ನಾಟಕದವರಿಗೆ ಈ ಸಂಖ್ಯೆ ಪರಿಚಿತ. 2024ರ ಆಗಸ್ಟ್‌ನಲ್ಲಿ ಮುಡಾ ನಿವೇಶನ ವಿಚಾರದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ವಿರುದ್ಧ ರಾಜ್ಯಪಾಲರು ಕೊಟ್ಟದ್ದು ಇದೇ ಸೆಕ್ಷನ್ನಿನ ಅನುಮತಿ, ಹೈಕೋರ್ಟ್ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿದದ್ದೂ ಅದನ್ನೇ. ಅನುಮತಿ ಎಂದರೆ ತನಿಖೆಗೆ ಬಾಗಿಲು ತೆರೆದಂತೆ ಅಷ್ಟೆ. ಆಗ ಅದನ್ನು ತೀರ್ಪೆಂದು ಓದಿಕೊಂಡು ಪಟಾಕಿ ಹೊಡೆದವರೂ ಇದ್ದರು, ಕಲ್ಲು ತೂರಿದವರೂ ಇದ್ದರು.

ಇಂಥ ರಕ್ಷಣೆ ಹೊಸದೇನಲ್ಲ. ಹಿರಿಯ ಅಧಿಕಾರಿಗಳ ತನಿಖೆಗೆ ಪೂರ್ವಾನುಮತಿ ಬೇಕೆಂಬ ಸರ್ಕಾರಿ ಆದೇಶವನ್ನು ಸುಪ್ರೀಂ ಕೋರ್ಟ್ 1997ರಲ್ಲಿ ರದ್ದು ಮಾಡಿತ್ತು. 2003ರಲ್ಲಿ ಸಂಸತ್ತು ಅದನ್ನೇ ಕಾಯ್ದೆಯಾಗಿ ತಂದಿತು, 2014ರಲ್ಲಿ ಕೋರ್ಟ್ ಅದನ್ನೂ ರದ್ದು ಮಾಡಿತು, 2018ರಲ್ಲಿ ಮೂರನೆಯ ಬಾರಿ ಬಂತು. ಹಾವು ಏಣಿ ಆಟ ಇದಕ್ಕಿಂತ ಬೇಗ ಮುಗಿಯುತ್ತದೆ.

ಶೌರಿ ಅವರ ಬದುಕು ಈ ಕಥೆಯಲ್ಲಿ ವಿಚಿತ್ರವಾಗಿ ಹೆಣೆದುಕೊಂಡಿದೆ. ಅವರು ಬಯಲು ಮಾಡಿದ ಅಂತುಳೆ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 1984ರಲ್ಲಿ, ಅಧಿಕಾರ ಬಿಟ್ಟಿಳಿದವರ ಮೇಲೆ ಮೊಕದ್ದಮೆ ನಡೆಸಲು ಮಂಜೂರಾತಿ ಬೇಕಿಲ್ಲ ಎಂದಿತು. 2018ರ ತಿದ್ದುಪಡಿ ಅದನ್ನು ತಿರುವಿ ಹಾಕಿ ಮಾಜಿಗಳಿಗೂ ರಕ್ಷಣೆ ಕೊಟ್ಟಿತು. ಅದೇ ವರ್ಷ ಶೌರಿ, ಯಶವಂತ ಸಿನ್ಹಾ ಮತ್ತು ಪ್ರಶಾಂತ್ ಭೂಷಣ್ ಜೊತೆ ಸೇರಿ ರಫೇಲ್ ಖರೀದಿಯ ತನಿಖೆ ಕೋರಿ ಸುಪ್ರೀಂ ಕೋರ್ಟ್‌ಗೆ ಹೋದರು. 2019ರ ನವೆಂಬರ್‌ನಲ್ಲಿ ಮರುಪರಿಶೀಲನಾ ಅರ್ಜಿ ವಜಾ ಆದಾಗ ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಪ್ರತ್ಯೇಕವಾಗಿ ಬರೆದರು: ಸಿಬಿಐ ತನಿಖೆ ನಡೆಸಬಹುದು, ಆದರೆ 17ಎ ಅನುಮತಿ ಪಡೆದು. ದೂರುದಾರರಾಗಿ ಶೌರಿ ಆ ಸೆಕ್ಷನ್ನಿಗೆ ಮುಖ ಗುದ್ದಿಕೊಂಡು ವರ್ಷ ತುಂಬುವುದರೊಳಗೆ ಉದಯಪುರದ ಪ್ರಕರಣದಲ್ಲಿ ತಾವೇ ಆರೋಪಿಯ ಕಟಕಟೆಯ ಕಡೆ ನಡೆಯಬೇಕಾಯಿತು. ಅಷ್ಟರಲ್ಲಿ ಅವರು ತಮ್ಮದೇ ಹಳೆಯ ಪಕ್ಷದ ಸರ್ಕಾರದ ಕಟುಟೀಕಾಕಾರರಾಗಿ ಐದು ವರ್ಷಗಳಾಗಿದ್ದವು. ಈ ಎರಡಕ್ಕೂ ಸಂಬಂಧ ಕಲ್ಪಿಸಿದವರು ಬಹಳ. ಆದೇಶ ಬಂದದ್ದು ನ್ಯಾಯಾಲಯದಿಂದ, ಅದೂ ಸಿಬಿಐ ಮಾತನ್ನು ತಳ್ಳಿಹಾಕಿ, ಎಂಬುದನ್ನು ಅವರು ಮರೆಯುತ್ತಾರೆ.

17ಎ ಸಂವಿಧಾನಕ್ಕೆ ಸರಿಹೊಂದುತ್ತದೆಯೇ ಎಂಬ ಪ್ರಶ್ನೆಯೂ ಸುಪ್ರೀಂ ಕೋರ್ಟ್‌ಗೆ ಹೋಗಿದೆ. ಹಳೆಯ ಮಾರಾಟಗಳ ಕಡತಗಳೂ ಪೂರ್ತಿ ಮುಚ್ಚಿಲ್ಲ: ಹಿಂದೂಸ್ತಾನ್ ಝಿಂಕ್‌ನ ಶೇಕಡ 26ರಷ್ಟು ಷೇರನ್ನು 2002ರಲ್ಲಿ 445 ಕೋಟಿಗೆ ಕೊಟ್ಟ ಬಗ್ಗೆ ಪ್ರಕರಣ ದಾಖಲಿಸಿ ಎಂದು ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲಿ ಸಿಬಿಐಗೆ ಹೇಳಿತು. ಮಾರಾಟವಾಗಿ ಹತ್ತೊಂಬತ್ತು ವರ್ಷಗಳ ಮೇಲೆ.

ದಿಬ್ಬವನ್ನು ತೂಗಿ ನೋಡಿದರೆ

ಈಗ ಕೆಜಿಎಫ್‌ಗೆ ಬರೋಣ. ಗಣಿಯಿಂದ ಮೇಲೆತ್ತಿದ ಬಂಡೆಯನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯೇ ಈ ದಿಬ್ಬಗಳು. ನೂರಿಪ್ಪತ್ತು ವರ್ಷಗಳ ಪುಡಿ, ಸುಮಾರು 3.3 ಕೋಟಿ ಟನ್. ಬೇಸಿಗೆಯಲ್ಲಿ ಗಾಳಿ ಎದ್ದರೆ ಊರಿನ ಮೇಲೆಲ್ಲ ಬೂದುಬಣ್ಣದ ದೂಳು. ಹಳೆಯ ಕಾಲದ ತಂತ್ರಕ್ಕೆ ಸಿಗದೆ ಉಳಿದ ಚಿನ್ನ ಅದರೊಳಗಿದೆ. ಲೆಕ್ಕಕ್ಕಾಗಿ ಟನ್ನಿಗೆ 0.7 ಗ್ರಾಂ ಎಂದು ಹಿಡಿದರೆ ಒಟ್ಟು 23 ಟನ್.

2001ರ ದರದಲ್ಲಿ, ಹತ್ತು ಗ್ರಾಂಗೆ 4,300 ರೂಪಾಯಿ ಎಂದರೆ, ಇದರ ಬೆಲೆ ಸಾವಿರ ಕೋಟಿಗೆ ತುಸು ಕಡಿಮೆ. 2024ರ ದರದಲ್ಲಿ, ಹತ್ತು ಗ್ರಾಂಗೆ 70,000 ಎಂದರೆ, 16,000 ಕೋಟಿ ದಾಟುತ್ತದೆ. ಈ ಹಣವೆಲ್ಲ ಲಾಭವಲ್ಲ. ಇದ್ದ ಚಿನ್ನವೆಲ್ಲ ಕೈಗೆ ಬರುವುದಿಲ್ಲ, ಮತ್ತೆ ಅರೆಯುವ ಖರ್ಚಿದೆ, ಪುಡಿಯನ್ನು ಸುರಿಯಲು ಬೇರೆ ಜಾಗ ಬೇಕು, ನೀರು ಬೇಕು. ಬೋರ್‌ವೆಲ್ ಸಾವಿರ ಅಡಿ ದಾಟಿರುವ ಈ ಜಿಲ್ಲೆಯಲ್ಲಿ ನೀರಿನ ಖರ್ಚನ್ನು ಯಾರೂ ಕಡೆಗಣಿಸುವಂತಿಲ್ಲ. ಅದೆಲ್ಲ ಕಳೆದ ಮೇಲೂ ಒಂದು ಮಾತು ಉಳಿಯುತ್ತದೆ. 2001ರಲ್ಲಿ ಯಾರಾದರೂ ಈ ದಿಬ್ಬಗಳನ್ನು ಐನೂರು ಕೋಟಿಗೆ ಮಾರಿದ್ದರೆ ಅಂದು ಅದು ಶ್ಲಾಘನೀಯ ವ್ಯಾಪಾರವಾಗಿರುತ್ತಿತ್ತು, ಇಂದು ಸಿಬಿಐ ಮೆಟ್ಟಿಲಲ್ಲಿ ನಿಂತಿರುತ್ತಿತ್ತು.

ಯಾರೂ ಮಾರಲಿಲ್ಲ. 2006ರಲ್ಲಿ ಕೇಂದ್ರ ಸಂಪುಟ ಜಾಗತಿಕ ಟೆಂಡರ್‌ಗೆ ಒಪ್ಪಿತು. ಕಾರ್ಮಿಕರ ಸಂಘಗಳು ತಾವೇ ಗಣಿ ನಡೆಸುತ್ತೇವೆ ಎಂದವು. ವ್ಯಾಜ್ಯ ಸುಪ್ರೀಂ ಕೋರ್ಟ್‌ಗೆ ಹೋಗಿ 2013ರ ಜುಲೈನಲ್ಲಿ ಟೆಂಡರ್‌ಗೆ ಹಸಿರು ನಿಶಾನೆ ಸಿಕ್ಕಿತು. ಟೆಂಡರ್ ಕರೆಯುವಷ್ಟರಲ್ಲಿ 2015ರ ಗಣಿ ಕಾಯ್ದೆ ತಿದ್ದುಪಡಿ ಬಂದು ಹಂಚಿಕೆಯ ನಿಯಮವೇ ಬದಲಾಯಿತು. ಅಷ್ಟೂ ಕಾಲ ಆಳದ ಸುರಂಗಗಳಲ್ಲಿ ನೀರು ತುಂಬುತ್ತಿತ್ತು, ಯಂತ್ರಗಳು ತುಕ್ಕು ಹಿಡಿಯುತ್ತಿದ್ದವು, ಗಣಿಯವರ ಮಕ್ಕಳು ಬೆಳಗಿನ ಜಾವ ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಕಂಪನಿಗೆ ಹೋಗಿ ರಾತ್ರಿ ಮರಳುತ್ತಿದ್ದರು. ಈ ನಷ್ಟಕ್ಕೆ 244 ಕೋಟಿಯಂಥ ಒಂದು ಅಂಕಿ ಇಲ್ಲ, ಎಫ್‌ಐಆರ್ ಇಲ್ಲ, ಆರೋಪಿ ಇಲ್ಲ. ಶೌರಿ ಹೋಟೆಲ್ ಮಾರದೆ ಪಾಳು ಬೀಳಲು ಬಿಟ್ಟಿದ್ದರೆ ಅವರ ಹೆಸರೂ ಯಾವ ಆದೇಶದಲ್ಲೂ ಬರುತ್ತಿರಲಿಲ್ಲ. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯದೂ ಹೀಗೇ: ಹದಿನೈದು ವರ್ಷ ಉಸಿರು ಹಿಡಿದು ನಡೆದು, 2016ರಲ್ಲಿ ಮುಚ್ಚಿತು. ಪುಣ್ಯಕ್ಕೆ ಅದರ ನೆಲ ಇಸ್ರೊಗೆ ಹೋಯಿತು.

ಹರಾಜು ಬಂದ ಮೇಲೆ ಹಗರಣ ಎಲ್ಲಿಗೆ ಹೋಯಿತು

2ಜಿ ಪರವಾನಗಿಗಳನ್ನು 2012ರಲ್ಲಿ, 214 ಕಲ್ಲಿದ್ದಲು ನಿಕ್ಷೇಪಗಳನ್ನು 2014ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ ಮೇಲೆ ಸರ್ಕಾರಗಳು ಒಂದು ಪಾಠ ಕಲಿತವು: ಬೆಲೆ ನಾವು ಹೇಳುವುದು ಬೇಡ, ಹರಾಜು ಹೇಳಲಿ. ಇದರಿಂದ ಮಂತ್ರಿಗೂ ಕಾರ್ಯದರ್ಶಿಗೂ ರಾತ್ರಿ ನಿದ್ದೆ ಬರುತ್ತದೆ. ಅಪರಾಧಕ್ಕೆ ಬೇಕಾದ ಎರಡು ಅಂಕಿಗಳ ಅಂತರವೇ ಮಾಯವಾಗುತ್ತದೆ.

ಆದರೆ ಹರಾಜಿನ ಬಾಗಿಲಲ್ಲಿ ಯಾರು ನಿಲ್ಲಬಹುದು ಎಂದು ಮೊದಲೇ ಬರೆಯುವವರು ಇದ್ದಾರಲ್ಲ. ಅರ್ಹತೆಗೆ ಎಷ್ಟು ವಹಿವಾಟು ಬೇಕು, ಎಷ್ಟು ವರ್ಷದ ಗಣಿ ಅನುಭವ ಬೇಕು, ಮೂಲ ಬೆಲೆ ಎಷ್ಟು, ಹದಿಮೂರು ದಿಬ್ಬ ಒಂದೇ ಕಟ್ಟಾಗಿ ಹೋಗುತ್ತವೆಯೋ ಬಿಡಿಯಾಗಿಯೋ, ಚಿನ್ನದ ದರ ಏರಿದರೆ ಸರ್ಕಾರದ ಪಾಲೂ ಏರುತ್ತದೆಯೋ ಇಲ್ಲವೋ. ಸಂಶಯವಿದ್ದರೆ ಇನ್ನು ಮುಂದೆ ಹುಡುಕಬೇಕಾದದ್ದು ಈ ಪುಟಗಳಲ್ಲಿ. ನಮ್ಮ ಪಂಚಾಯಿತಿ ಮಟ್ಟದ ಟೆಂಡರ್‌ಗಳಲ್ಲಿ ಷರತ್ತನ್ನು ಒಬ್ಬನ ಅಳತೆಗೆ ಹೊಲಿಯುವ ಕಲೆ ಎಷ್ಟು ಪಳಗಿದೆ ಎಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಪರಿಣಾಮ ಭಯ. 2020ರಲ್ಲಿ ಮಾರಾಟಕ್ಕಿಟ್ಟ ಬಿಪಿಸಿಎಲ್‌ಗೆ ಕೊನೆಗೆ ಒಬ್ಬನೇ ಕೊಳ್ಳುವವನು ಉಳಿದದ್ದರಿಂದ 2022ರ ಮೇನಲ್ಲಿ ಪ್ರಕ್ರಿಯೆಯನ್ನೇ ಕೈಬಿಟ್ಟರು. ಒಬ್ಬನೇ ಬಿಡ್ಡುದಾರನಿಗೆ ಮಾರಿ ಇನ್ನೊಬ್ಬ ಶೌರಿ ಆಗಲು ಯಾರು ಒಪ್ಪುತ್ತಾರೆ? ಕೆಜಿಎಫ್‌ನಲ್ಲಿ ಕಾರ್ಖಾನೆಯಿರುವ ಬೆಮೆಲ್‌ನ ಶೇಕಡ 26ರಷ್ಟು ಷೇರನ್ನು ಆಡಳಿತ ನಿಯಂತ್ರಣದ ಸಮೇತ ಕೊಡಲು 2021ರ ಜನವರಿಯಲ್ಲಿ ಆಸಕ್ತರನ್ನು ಕರೆದರು. ಅದಕ್ಕೆ ಮುನ್ನೆಚ್ಚರಿಕೆಯಾಗಿ ಮಾಡಿದ್ದು ಗಮನಿಸಬೇಕಾದ ಕೆಲಸ: ಕಂಪನಿಯ ಹೆಚ್ಚುವರಿ ನೆಲವನ್ನು ಬೆಮೆಲ್ ಲ್ಯಾಂಡ್ ಅಸೆಟ್ಸ್ ಎಂಬ ಬೇರೆ ಕಂಪನಿಗೆ ವರ್ಗಾಯಿಸಿದರು. ಕಾರ್ಖಾನೆ ಕೊಳ್ಳುವವನಿಗೆ ನೆಲ ಪುಕ್ಕಟೆಯಾಗಿ ಹೋಗಬಾರದು ಎಂಬ ಯೋಚನೆ ಅದು. ಉದಯಪುರದ ಹೋಟೆಲು ಕಲಿಸಿದ ಪಾಠ ಎಲ್ಲೋ ಒಂದು ಕಡೆ ನಾಟಿದೆ ಎನ್ನಬಹುದು. ಬೆಮೆಲ್ ಕಾರ್ಮಿಕರು ಮಾರಾಟವನ್ನು ವಿರೋಧಿಸುತ್ತಲೇ ಬಂದಿದ್ದಾರೆ, ಮತ್ತು ಪಕ್ಕದಲ್ಲೇ ಬಿಜಿಎಂಎಲ್ ಗತಿ ಕಂಡವರು ವಿರೋಧಿಸದಿದ್ದರೆ ಆಶ್ಚರ್ಯ.

ಕೋಲಾರ ಕೇಳಬೇಕಾದದ್ದು

ದಿಬ್ಬಗಳ ವಿಚಾರದಲ್ಲಿ ಕೇಂದ್ರದ ಲೆಕ್ಕ ಸರಳ. ಚಿನ್ನದ ಬೆಲೆ ಏರಿದೆ, ಆಮದು ಭಾರವಾಗಿದೆ, ಆಳಕ್ಕಿಳಿಯದೆ ಮೇಲಿನ ಪುಡಿಯಿಂದಲೇ ತೆಗೆಯಬಹುದು. ರಾಜ್ಯದ ಲೆಕ್ಕ ರಾಜಧನ ಮತ್ತು ಬಾಕಿ. ಹಳೆಯ ಕಾರ್ಮಿಕರ ಲೆಕ್ಕ ಬೇರೆಯೇ: ಗಣಿ ಮುಚ್ಚಿದಾಗ ಒಪ್ಪಿದ ಹಣದಲ್ಲಿ ಉಳಿದದ್ದು, ತಾತನ ಕಾಲದಿಂದ ವಾಸವಿರುವ ಲೈನ್ ಮನೆಗಳ ಹಕ್ಕುಪತ್ರ, ಮಕ್ಕಳಿಗೆ ಕೆಲಸ. ಬಿಜಿಎಂಎಲ್ ಹೆಸರಿನಲ್ಲಿರುವ ನೆಲ ಸುಮಾರು 12 ಸಾವಿರ ಎಕರೆ, ದಿಬ್ಬಗಳಿರುವುದು ಅದರ ಹನ್ನೆರಡನೇ ಒಂದು ಪಾಲಿನಲ್ಲಿ. ದಿಬ್ಬ ಹೋದ ಮೇಲೆ ಬಯಲಾಗುವ ಆ ಸಾವಿರ ಎಕರೆ, ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಹಾದುಹೋಗುವ ಜಿಲ್ಲೆಯಲ್ಲಿ, ಕಡೆಗಣಿಸುವಷ್ಟು ಕಡಿಮೆ ಬೆಲೆಯದೇನೂ ಆಗಿರಲಾರದು. ಹರಾಜಿನ ಕಾಗದಗಳಲ್ಲಿ ಮೊದಲು ಓದಬೇಕಾದ ಸಾಲು ಚಿನ್ನದ್ದಲ್ಲ, ಇದರದ್ದು: ಪುಡಿ ತೆಗೆದಾದ ಮೇಲೆ ನೆಲ ಯಾರ ಹೆಸರಿನಲ್ಲಿ ಉಳಿಯುತ್ತದೆ, ಯಾವ ಬಳಕೆಗೆ, ಎಷ್ಟು ವರ್ಷಕ್ಕೆ.

ಆ ಸಾಲಿನ ಪಕ್ಕದಲ್ಲೇ ಇನ್ನೊಂದು ಇರಬೇಕು. ಪುಡಿಯನ್ನು ಮತ್ತೆ ಕದಡಿದಾಗ ಏಳುವ ದೂಳಿಗೂ, ಇಳಿಯುವ ನೀರಿಗೂ ಯಾರು ಹೊಣೆ, ಅದಕ್ಕಾಗಿ ಎಷ್ಟು ಹಣವನ್ನು ಮುಂಗಡವಾಗಿ ಇಡಬೇಕು. ಬೆಲೆಯ ವಿಚಾರ ಹತ್ತು ವರ್ಷದ ಮೇಲೆ ಯಾವುದಾದರೂ ನ್ಯಾಯಾಲಯಕ್ಕೆ ಹೋದರೆ ಹೋಗಲಿ. ಈ ಎರಡು ಸಾಲು ಬಿಟ್ಟುಹೋದರೆ ಆಗ ಮೊಕದ್ದಮೆ ಹೂಡಲು ಒಬ್ಬ ಮಂತ್ರಿಯೂ ಸಿಗುವುದಿಲ್ಲ, 2001ರಲ್ಲಿ ಸಿಗಲಿಲ್ಲವಲ್ಲ, ಹಾಗೆ.